ದಾನಕ್ಕೆ ಮೊದಲು ಮಿತಿಯ ಗೆರೆ

ಮಾರ್ಚ್ ತಿಂಗಳು ಸಮೀಪಿಸಿದಂತೆ ದಾನಿಗಳ ಬಾಯಲ್ಲಿ ಬರುವ ಮೊದಲ ಪ್ರಶ್ನೆ ‘80ಜಿ ರಸೀದಿ ಸಿಗುತ್ತದೆಯೇ?’ ಎಂಬುದು. ಕೇಳುವುದರಲ್ಲಿ ದೋಷವೇನಿಲ್ಲ. ಆದಾಯ, ಸಾಲದ ಕಂತು, ಬೆಲೆಯೇರಿಕೆ, ತೆರಿಗೆ ಇವೆಲ್ಲವೂ ಗೃಹಸ್ಥನ ಕೈಯನ್ನು ಹಿಡಿಯುತ್ತವೆ ಇಲ್ಲವೇ ಸಡಿಲಿಸುತ್ತವೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇಂಥ ದಾನಕ್ಕೆ ವಿನಾಯಿತಿ ಉಂಟು; ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ಅದಿಲ್ಲ. ಹಾಗಾದರೆ ವಿನಾಯಿತಿ ನಿಂತ ದಿನ ದಾನವೂ ನಿಲ್ಲಬೇಕೇ?

ಜೈನಾಚಾರ್ಯರು ಗೃಹಸ್ಥನ ಕಷ್ಟವನ್ನು ಅರಿಯದವರಲ್ಲ. ಸರ್ವಸಂಗ ಪರಿತ್ಯಾಗ ಮುನಿಗಳ ಮಹಾವ್ರತ. ಶ್ರಾವಕನಿಗೆ ವಿಧಿಸಿದ್ದು ಪರಿಗ್ರಹ ಪರಿಮಾಣವೆಂಬ ಅಣುವ್ರತ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳಲ್ಲಿ ತನಗೆ ಇಷ್ಟು ಸಾಕು ಎಂದು ತಾನೇ ಗೆರೆ ಎಳೆದುಕೊಳ್ಳುವುದೇ ಈ ವ್ರತ. ಗೆರೆಯಿಲ್ಲದವನಿಗೆ ‘ಮಿಕ್ಕಿದ್ದು’ ಎಂಬುದೇ ಇರುವುದಿಲ್ಲ. ವರಮಾನ ಇಮ್ಮಡಿಯಾದರೆ ಮನೆಯೂ ವಾಹನವೂ ದೊಡ್ಡದಾಗುತ್ತವೆ, ಅವುಗಳೊಡನೆ ಸಾಲವೂ ಬೆಳೆಯುತ್ತದೆ. ‘ಕೈ ಸ್ವಲ್ಪ ಬಿಡುವಾಗಲಿ, ಕೊಡೋಣ’ ಎಂಬ ಮಾತು ಮಾತ್ರ ಹಾಗೆಯೇ ಉಳಿಯುತ್ತದೆ.

ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವು ಅತಿಥಿಸಂವಿಭಾಗ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಕಾಲಾತಿಕ್ರಮ ಒಂದು, ಮಾತ್ಸರ್ಯ ಮತ್ತೊಂದು. ಕೊಡಬೇಕಾದ ಹೊತ್ತನ್ನು ಮೀರಿಸುವುದು ಮೊದಲನೆಯದು. ಇನ್ನೊಬ್ಬ ದಾನಿಯ ಮೇಲಿನ ಅಸಹನೆಯಿಂದ ಕೊಡುವುದು ಎರಡನೆಯದು. ಅತಿಥಿಗೆ ನೀಡುವ ಆಹಾರದ ಸಂದರ್ಭದಲ್ಲಿ ಹೇಳಿದ ಈ ಮಾತು ನಮ್ಮ ಎಲ್ಲ ದಾನಗಳಿಗೂ ಸಲ್ಲುತ್ತದೆ. ಇದ್ದೂ ಮುಂದೂಡುವವನು ಮೊದಲ ದೋಷಕ್ಕೆ ಒಳಗಾದರೆ, ಪಕ್ಕದವನನ್ನು ಮೀರಿಸಲೆಂದು ಸಾಲ ಮಾಡಿ ಕಲಶದ ಸವಾಲು ಕೂಗುವವನು ಎರಡನೆಯದಕ್ಕೆ ಒಳಗಾಗುತ್ತಾನೆ.

ಹಾಗೆಂದು ಧನಿಕನ ದಾನ ಕೀಳೂ ಅಲ್ಲ, ಬಡವನ ದಾನ ಅಲ್ಪವೂ ಅಲ್ಲ. ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆ ‘ದಾನಚಿಂತಾಮಣಿ’ಯಾದಳು. ಶ್ರವಣಬೆಳಗೊಳದ ಐತಿಹ್ಯದಲ್ಲಿ, ಚಾವುಂಡರಾಯನ ಕೊಡಗಟ್ಟಲೆ ಹಾಲಿನಿಂದ ಪೂರ್ಣವಾಗದ ಅಭಿಷೇಕವು ಗುಳ್ಳಕಾಯಜ್ಜಿಯ ಪುಟ್ಟ ಪಾತ್ರೆಯ ಹಾಲಿನಿಂದ ಪೂರ್ಣವಾಯಿತು. ಒಬ್ಬಳು ಸಂಪತ್ತಿಗೆ ಮಿತಿಯನ್ನರಿತಳು, ಇನ್ನೊಬ್ಬಳು ಬಡತನವನ್ನು ನೆಪವಾಗಿಸಲಿಲ್ಲ.

ಲೋಭವು ಹಿಂಸೆಯ ಒಂದು ರೂಪ, ದಾನದಿಂದ ಅದು ದೂರವಾಗುತ್ತದೆ, ಆದ್ದರಿಂದ ದಾನವು ಅಹಿಂಸೆಯೇ ಎಂಬುದು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅಮೃತಚಂದ್ರಾಚಾರ್ಯರ ನಿಲುವು. ಈ ಲಾಭವನ್ನು ಯಾವ ರಸೀದಿಯೂ ತೋರಿಸದು, ಯಾವ ತೆರಿಗೆ ಪದ್ಧತಿಯೂ ಕಿತ್ತುಕೊಳ್ಳದು.

ಆದ್ದರಿಂದ ಶ್ರಾವಕರು ವರ್ಷದ ಕೊನೆಗೆ ಲೆಕ್ಕ ಹಾಕುವ ಬದಲು, ಹಣ ಕೈಸೇರಿದ ದಿನವೇ ದಾನದ ಪಾಲನ್ನು ಬೇರೆ ಇರಿಸಲಿ. ಮನೆಯವರನ್ನು ಉಪವಾಸ ಕೆಡವದೆ, ಸಾಲಗಾರರಿಗೆ ವಂಚಿಸದೆ, ನ್ಯಾಯವಾಗಿ ಗಳಿಸಿದ್ದರಲ್ಲಿ ಒಂದು ಪಾಲು ಸಾಕು. ನಿಜಕ್ಕೂ ಕೈ ಬರಿದಾದವರು ನಾಚಬೇಕಿಲ್ಲ. ಹೆದರಿದ ಜೀವಿಗೆ ನೀಡುವ ಅಭಯವೂ ನಾಲ್ಕು ದಾನಗಳಲ್ಲಿ ಒಂದು. ರಸೀದಿ ಸಿಕ್ಕರೆ ಪಡೆಯೋಣ. ಸಿಗದಿದ್ದರೂ ಕೈ ಹಿಂದೆಗೆಯದಿರೋಣ.