ಫೋಟೋ ತೆಗೀರಿ, ಆದ್ರ ಹೆಸರು ಕೇಳಿ ತೆಗೀರಿ

ಹ್ವಾದ ಸಲ ಮಾವಿನಕಾಯಿ ತೊಕ್ಕಿನ ವಿಷಯ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ಸಲಕ್ಕ ಇರಲಿ. ಇವತ್ತ ಮನಸ್ಸಿನ್ಯಾಗ ಬ್ಯಾರೇನೇ ಕುದೀಲಿಕ್ಕತ್ತದ.

ನಿಮ್ಮ ಪೈಕಿ ಭಾಳ ಮಂದಿ ಫೋನಿಗೂ ಆ ಫೋಟೋ ಬಂದಿರಬೇಕು. ಬಿಳೀ ಮೀಸಿ, ನೀಲಿ ಬ್ಲೇಜರ್, ಎದಿ ಮ್ಯಾಲೆ ಪದಕ, ಹಿಂದ ಆಕಾಶದಾಗ ವಿಮಾನ ಬಿಟ್ಟ ಹೊಗಿ. ಕೆಳಗ ದೊಡ್ಡ ಅಕ್ಷರದಾಗ, 1971ರ ಯುದ್ಧದಾಗ ಶತ್ರುಗಳ ಮೂರು ವಿಮಾನ ಹೊಡೆದು ಉರುಳಿಸಿದ ಕನ್ನಡದ ವೀರ, ಎಲ್ಲರಿಗೂ ಕಳಿಸಿ, ಅಂತ ಬರದಾರ.

ಅವರು ನಮ್ಮ ಕಾಕಾ. 1971ರಾಗ ಅವರು ಧಾರವಾಡದ ಕರ್ನಾಟಕ ಕಾಲೇಜಿನ್ಯಾಗ ಬಿ.ಎಸ್ಸಿ. ಓದಲಿಕ್ಕತ್ತಿದ್ರು. ವಾಯುಪಡೆಯ ಅಧಿಕಾರಿ ಆಗಿದ್ದು 1975ಕ್ಕ. ಫೈಟರ್ ವಿಮಾನ ಅವರು ಎಂದೂ ಹಾರಿಸಿದವರಲ್ಲ. ಅವರದು ಹೆಲಿಕಾಪ್ಟರ್.

ಆ ಫೋಟೋ ತೆಗೆದಿದ್ದು 2025ರ ಏರೋ ಇಂಡಿಯಾದಾಗ. 1996ರಿಂದ ಯಲಹಂಕದ ವಾಯುನೆಲಿಯೊಳಗ ಎರಡು ವರ್ಷಕ್ಕೊಮ್ಮೆ ನಡೀತದಲ್ಲ, ಅದೇ. ಆ ಸಲ ಫೆಬ್ರುವರಿ 10ರಿಂದ 14. ಕೊನೀ ಎರಡು ದಿನ ನಮ್ಮಂಥವರಿಗೆ. ನನ್ನ ಮಗ ಟಿಕೆಟ್ ತಗೊಂಡಿದ್ದ, ಕಾಕಾ-ಕಾಕುನ್ನೂ ಕರಕೊಂಡು ಹೋದ್ವಿ. ಅಮೆರಿಕದ ಎಫ್-35 ಮತ್ತ ರಷ್ಯಾದ ಸುಖೋಯ್-57 ಎರಡೂ ಒಂದೇ ಕಡೆ ಬಂದಾವಂತ ಹುಡುಗುರೆಲ್ಲಾ ಹುಚ್ಚಾಗಿದ್ರು. ಬಿಸಿಲು ಅಂದ್ರ ಬಿಸಿಲು. ಸದ್ದಿಗೆ ಎದಿಯೊಳಗ ಡಬರಿ ಬಿದ್ದಂಗ ಆಗ್ತಿತ್ತು. ಕಾಕು ಕಿವ್ಯಾಗ ಅರಳಿ ಇಟಗೊಂಡು ಕೂತಿದ್ರು.

ಕಾಕಾ ಏನು ಮಾಡ್ತಿದ್ರು ಗೊತ್ತದನು? ಎಣಿಸ್ತಿದ್ರು. ಸೂರ್ಯಕಿರಣ್ ತಂಡದ ಒಂಬತ್ತು ಹಾಕ್ ವಿಮಾನ, ನಮ್ಮ ಬೀದರದವು, ಮ್ಯಾಲೇರಿದಾಗ ಒಂಬತ್ತು ಅಂದ್ರು. ಎಲ್ಲಾರೂ ಚಪ್ಪಾಳಿ ತಟ್ಟಲಿಕ್ಕತ್ತಿದ್ರು, ಇವರು ಸುಮ್ನ ಕೂತಿದ್ರು. ಇಳಿಯೋ ಮುಂದ ಮತ್ತ ಬೆರಳು ಮಡಚಿ ಎಣಿಸಿದ್ರು. ಒಂಬತ್ತನೇದು ನೆಲಾ ಮುಟ್ಟಿದ ಮ್ಯಾಲೆ ನೀರಿನ ಬಾಟ್ಲಿ ತಗೀ ಅಂದ್ರು. 2019ರಾಗ ಪ್ರದರ್ಶನ ಶುರು ಆಗೂ ಹಿಂದಿನ ದಿನಾ ತಾಲೀಮಿನ್ಯಾಗ ಇದೇ ತಂಡದ ಎರಡು ವಿಮಾನ ಡಿಕ್ಕಿ ಹೊಡದು ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡ್ರಲ್ಲ, ಅದು ನಮಗ ಸುದ್ದಿ. ಅವರಿಗೆ ಸುದ್ದಿ ಅಲ್ಲ. ಅವರ ಆಲ್ಬಮಿನ್ಯಾಗಿನ ಗ್ರೂಪ್ ಫೋಟೋದಾಗ ಎಷ್ಟು ಮಂದಿ ಇವತ್ತಿಲ್ಲ ಅನ್ನೂದು ಕಾಕುಗೆ ಬಾಯಿಪಾಠ ಅದ.

ಅಷ್ಟ್ರಾಗ ಸೋರಿಕಾಯಿಯಷ್ಟು ಉದ್ದದ ಲೆನ್ಸ್ ಹಿಡಕೊಂಡ ಹುಡುಗೊಬ್ಬ ಬಂದ. ಅವನ ಹಿಂದ ಇನ್ನ ನಾಲ್ಕು ಮಂದಿ. ಪದಕ ಕಂಡಿದ್ದೇ ತಡ, ಅಂಕಲ್ ಹಿಂಗ ನಿಂದರ್ರಿ, ಅಂಕಲ್ ಚಷ್ಮಾ ತಗೀರಿ, ಅಂಕಲ್ ಒಂದು ಸೆಲ್ಯೂಟ್ ಹೊಡೀರಿ. ತಲಿ ಮ್ಯಾಲೆ ಟೊಪ್ಪಿಗಿ ಇಲ್ದ ಸೆಲ್ಯೂಟ್ ಹೊಡ್ಯೂದಿಲ್ಲಪಾ, ಅಂತ ಕಾಕಾ ನಗಕೋತನ ಹೇಳಿದ್ರು. ಯಾರು ಕೇಳ್ತಾರ. ಕಾಕುಗೆ, ಆಂಟಿ ನೀವು ಸ್ವಲ್ಪ ಸರೀರಿ, ಫ್ರೇಮಿನ್ಯಾಗ ಬರ್ತೀರಿ, ಅಂದ್ರು. ಕಾಕು ಸರದ್ರು. ನಾನೂ ನೋಡಿಕೋತ ನಿಂತೆ, ಅದ ನನಗ ಈಗ ಚುಚ್ಚತದ. ಸುಳ್ಳ್ಯಾಕ ಹೇಳಲಿ, ನಮ್ಮ ಕಾಕಾನ ಸುತ್ತ ಇಷ್ಟು ಮಂದಿ ನೆರದಾರಲ್ಲ ಅಂತ ನನಗೂ ಹೆಮ್ಮಿ ಆಗಿತ್ತು. ಐದೂ ಮಂದ್ಯಾಗ ಒಬ್ಬರೂ ಅವರ ಹೆಸರು ಕೇಳಲಿಲ್ಲ.

ಮೂರನೇ ದಿನಕ್ಕ ಮೆಸೇಜ್ ಬಂತು. ಮೊದಲ ನಮ್ಮ ಓಣಿ ಗ್ರೂಪಿಗೆ, ಆಮ್ಯಾಲೆ ಮೈದುನನ ಆಫೀಸಿಗೆ, ಆಮ್ಯಾಲೆ ಪುಣೆದಿಂದ ಮೌಶಿ ಫೋನ್. ಎಲ್ಲಾರೂ ಅಭಿನಂದನೆ ಹೇಳಾವ್ರು. ಕಾಕಾ ಒಬ್ಬೊಬ್ಬರಿಗೇ, ಅದು ಸುಳ್ಳದರೀ, ಅನ್ಕೋತ ಕೂತ್ರು. ಮಂದಿ ಅದನ್ನ ವಿನಯ ಅಂತ ತಿಳಕೊಂಡ್ರು! ಕಡೀಕೆ ಅವರ ಹಿರಿಯ ಅಧಿಕಾರಿಯೊಬ್ಬರು, ಖರೇ 1971ರಾಗ ಹಾರಿದವರು, ಫೋನ್ ಮಾಡಿ, ಏನಪಾ, ಯಾವಾಗ ಕೆಡವಿದಿ ಮೂರು ವಿಮಾನ, ಅಂತ ಕೇಳಿದ್ರು. ಅವರು ಚಾಷ್ಟಿ ಮಾಡಿದ್ರೋ ಏನೋ. ಆದ್ರ ಕಾಕಾ ಅವತ್ತಿನಿಂದ ಮುಂಜಾನೆ ವಾಕಿಂಗ್ ಹೋಗೂದು ಬಿಟ್ರು. ಬ್ಲೇಜರ್ ಟ್ರಂಕಿನ್ಯಾಗ ಹೋತು. ಕಳ್ಳನ್ನ ಮಾಡಿಬಿಟ್ರವಾ ನನ್ನ, ಅಂತ ಒಮ್ಮೆ ಅಂದ್ರು. ಮುಂದ ಆ ಮಾತು ತಗೀಲಿಲ್ಲ.

ಒಳ್ಳೇದನ್ನೇ ಬರದಾರಲ್ಲ, ಅದರಾಗ ತಪ್ಪೇನು ಅಂತ ನಮ್ಮ ವೈನಿ ಕೇಳಿದ್ರು. ತಪ್ಪದ ವೈನಿ. ಮಾಡದ ಕೆಲಸದ ಕಿರೀಟ ಇಟ್ರ, ಮಾಡಿದ ಕೆಲಸ ಅದರ ಕೆಳಗ ಮುಚ್ಚಿ ಹೋಗ್ತದ. ಕಾಕಾ ಮಾಡಿದ್ದೇನು ಸಣ್ಣದೇನು? 1984ರಾಗ ನಮ್ಮ ಸೈನ್ಯ ಸಿಯಾಚಿನ್ ಏರಿದ ಮ್ಯಾಲೆ ಅಲ್ಲಿ ಚೀತಾ ಹೆಲಿಕಾಪ್ಟರ್ ಹಾರಿಸಿದವರು ಅವರು. ಸುಮಾರು 20,000 ಅಡಿ ಎತ್ತರ. ಆ ಎತ್ತರದಾಗ ಗಾಳಿ ತೆಳು, ರೆಕ್ಕಿಗೆ ಹಿಡಿತ ಸಿಗೂದಿಲ್ಲ, ಅದಕ್ಕ ಒಂದು ಸಲಕ್ಕ ಒಂದೋ ಎರಡೋ ಕ್ಯಾನ್ ಚಿಮಣಿ ಎಣ್ಣಿ ಅಷ್ಟ ಒಯ್ಯಾಕ ಆಗೂದು. ಇಂಜಿನ್ ಆರಿಸೋ ಹಂಗಿಲ್ಲ, ಆರಿಸಿದ್ರ ಮತ್ತ ಹತ್ತತದೋ ಇಲ್ಲೋ. ಸಾಮಾನು ಇಳಿಸಿ, ಹಿಮಕ್ಕ ಬೆರಳು ಸತ್ತ ಹುಡುಗನ್ನ ಹತ್ತಿಸಿಕೊಂಡು, ಅರೆ ನಿಮಿಷದಾಗ ಎದ್ದು ಬರೂದು. ಅವರ ಎದಿ ಮ್ಯಾಲಿದ್ದ ಪದಕ ಅದರದು. ಆ ಹುಡುಗುರು ಒಂದು ಮಾತು ಕೇಳಿದ್ರ ಇಷ್ಟೂ ಹೇಳ್ತಿದ್ರು. ಫೈಟರ್ ಅಲ್ಲ ಅಂದಕೂಡಲೇ ಮಂದಿಗೆ ಯಾಕೋ ರುಚಿ ಹತ್ತೂದಿಲ್ಲ. ಅನ್ನಾ ಬಡಿಸಿದವರಿಗಿಂತ ಬಾಣಸಿಗನ ಟೊಪ್ಪಿಗಿ ನೋಡೂ ಕಾಲ ಇದು.

ಇದರ ಉಲ್ಟಾ ಕಥಿನೂ ನಮ್ಮ ರಾಜ್ಯದಾಗ ಅದ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು. 1965ರ ಸೆಪ್ಟೆಂಬರ್ 7ಕ್ಕ ಪಾಕಿಸ್ತಾನದ ಸರ್ಗೋಧಾ ಮ್ಯಾಲೆ ದಾಳಿಗೆ ಹ್ವಾದವರು ತಿರುಗಿ ಬರಲಿಲ್ಲ. ಅವರ ಮಿಸ್ಟೇರ್ ವಿಮಾನ ಹಳೇದು, ಎದುರಿಗೆ ಬಂದಿದ್ದು ಅದಕ್ಕಿಂತ ಭಾಳ ವೇಗದ ಸ್ಟಾರ್‌ಫೈಟರ್. ಆದ್ರೂ ಅದನ್ನ ಹೊಡದು ಕೆಡವಿಯೇ ಸತ್ರು. ಇಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ, ಕಾಣಿ ಆದವರು ಅಂತ ಬರಕೊಂಡ್ರು. 1979ರಾಗ ಆ ಕಡೆಯವರ ಲೆಕ್ಕ ಹಿಡದು ಬ್ರಿಟಿಷ್ ಲೇಖಕನೊಬ್ಬ ಪುಸ್ತಕ ಬರದಾಗ ವಿಷಯ ಹೊರಗ ಬಂತು. ಮಹಾವೀರ ಚಕ್ರ ಸಿಕ್ಕಿದ್ದು 1988ಕ್ಕ. ಅಂದ್ರ ಅವರ ಹೆಂಡತಿ 23 ವರ್ಷ ಕಾದ್ರು. ಖರೇ ಮಾಡಿದವರ ಮನಿಗೆ 23 ವರ್ಷ, ಮಾಡದವರ ಮನಿಗೆ ಮೂರೇ ದಿನ. ನನಗಂತೂ ಇದು ಗಂಟಲಾಗ ಇಳೀವಲ್ಲದು.

ಹಂಗಂತ ಫೋಟೋನೇ ತೆಗೀಬ್ಯಾಡ್ರಿ ಅನ್ನೂದಿಲ್ಲ ನಾ. ತೆಗೀರಿ. ಆ ತಲಿಮಾರಿನವರು ಇನ್ನೆಷ್ಟು ದಿನ ಬಂದು ಬಿಸಿಲಾಗ ಕೂಡ್ತಾರ? ಮೊದಲ ಕೇಳ್ರಿ, ತೆಗೀಲೇನ್ರಿ ಅಂತ. ನೆರಳಿಗೆ ಕರೀರಿ, ಮಧ್ಯಾಹ್ನದ ಬಿಸಿಲಾಗ ವಯಸ್ಸಾದವರ ಕಣ್ಣೇ ಕಾಣೂದಿಲ್ಲ. ಚಷ್ಮಾ ತಗೀರಿ ಅನಬ್ಯಾಡ್ರಿ, ಅವರ ಮಾರಿ ಈಗ ಚಷ್ಮಾದ ಮಾರಿನೇ. ಹೆಸರು, ಹುದ್ದಿ, ಯಾವ ವಿಮಾನ, ಯಾವ ವರ್ಷ, ಇಷ್ಟು ಬರಕೊಂಡು ಅವರಿಗೇ ಒಮ್ಮೆ ಓದಿ ತೋರಸ್ರಿ. ಎಷ್ಟು ಮಂದಿನ್ನ ಕೊಂದ್ರಿ ಅಂತ ಮಾತ್ರ ಕೇಳಬ್ಯಾಡ್ರಿ. ಖರೇನ ಒಬ್ಬ ಹುಡುಗ ಕೇಳಿದ್ದ. ಮತ್ತ ಬಾಜೂಕ ಕೂತ ಹೆಣಮಗಳನ್ನ ಸರಸಬ್ಯಾಡ್ರಿ. ಟ್ರಂಕ್ ಕಾಲ್ ಸಿಗದ ರಾತ್ರಿ, ಎರಡು ಕೂಸು ಕಟ್ಟಿಕೊಂಡು ಕ್ವಾರ್ಟರ್ಸಿನ್ಯಾಗ ಜೀಪಿನ ಸದ್ದಿಗೆ ಹೆದರಿಕೋತ ಕೂತವರು ಕಾಕು. ಹೊತ್ತಿಲ್ಲದ ಹೊತ್ತಿನ್ಯಾಗ ಜೀಪು ಬಂತು ಅಂದ್ರ ಯಾರದೋ ಮನೀಗೆ ಕೆಟ್ಟ ಸುದ್ದಿ. ಫ್ರೇಮಿನ ಒಳಗ ಅವರಿಗೆ ಜಾಗಾ ಇಲ್ಲಂದ್ರ ಹೆಂಗ?

ಹ್ವಾದ ರವಿವಾರ ನನ್ನ ಮಗ ಮತ್ತ ಫೋಟೋ ತೆಗದ. ಮನ್ಯಾಗ, ಹಿತ್ತಲ ಕಟ್ಟಿ ಮ್ಯಾಲೆ, ಇಬ್ಬರೂ ಕೂಡಿ ಅವರೇಕಾಯಿ ಸುಲೀಲಿಕ್ಕತ್ತಾಗ. ಬ್ಲೇಜರ್ ಇಲ್ಲ. ಪ್ರಿಂಟ್ ಹಾಕಿಸಿಕೊಂಡು ಬಂದು ಹಿಂದ ಬರದ: ವಿಂಗ್ ಕಮಾಂಡರ್, ನಿವೃತ್ತ, ಚೇತಕ್ ಮತ್ತ ಚೀತಾ ಹೆಲಿಕಾಪ್ಟರ್, 1975ರಿಂದ 1998. ಕಾಕಾ ಚಷ್ಮಾ ಏರಿಸಿ ಎರಡು ಸಲ ಓದಿದ್ರು. ಮೊದಲ ಚೇತಕ್ ಅಲ್ಲ, ಮೊದಲ ಎಚ್‌ಟಿ-2, ಬೀದರದಾಗ ಕಲಿತಿದ್ದು ಅದರ ಮ್ಯಾಲೆ, ಅದನ್ನೂ ಹಾಕು ಅಂದ್ರು. ಹಾಕಿದ.

ಕಾಕು ಫೋಟೋ ಇಸ್ಕೊಂಡು ತಿರುಗಿಸಿ ನೋಡಿ, ಮತ್ತ ನಂದು ಎಲ್ಲಿ ಬರದೀಯೋ ಅಂದ್ರು.