ಬಾಟಲಿ ಇದ್ದರೆ ಸಾಲದು, ನಲ್ಲಿಯಲ್ಲಿ ನೀರೂ ಬೇಕು

ನಮ್ಮದು ಕಬ್ಬಿನ ಸೀಮೆ. ಇಲ್ಲಿ ಕಾಕಂಬಿಯಿಂದ ಸ್ಪಿರಿಟ್ ತೆಗೆಯುವುದು ಹೊಸದಲ್ಲ. ಕೊರೊನಾ ಹರಡುತ್ತಿದ್ದ 2020ರ ಮಾರ್ಚ್‌ನಲ್ಲಿ ಸಕ್ಕರೆ ಕಾರ್ಖಾನೆ, ಡಿಸ್ಟಿಲರಿಗಳಿಗೆ ಸ್ಯಾನಿಟೈಸರ್ ತಯಾರಿಸಲು ಸರ್ಕಾರ ಅನುಮತಿ ಕೊಟ್ಟಿತು. ಆಗ ಸ್ಟಾಫ್ ನರ್ಸ್ ಆಗಿದ್ದ ನಾನು ಆ ಸ್ಯಾನಿಟೈಸರ್ ಬಾಟಲಿಯ ಉಪಕಾರವನ್ನು ಮರೆಯಲಾರೆ. ಆದರೆ ಎಲ್ಲ ವೈರಸ್‌ಗೂ ಅದೊಂದೇ ಸಾಕು ಎಂಬ ನಂಬಿಕೆ ವಾರ್ಡುಗಳಲ್ಲಿ ಬೇರೂರಿದೆ. ಅದನ್ನು ಕಿತ್ತು ಹಾಕಬೇಕು.

ಕೊರೊನಾ, ಫ್ಲೂ, ಎಚ್‌ಐವಿ, ಹೆಪಟೈಟಿಸ್ ಬಿ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆ ಇದೆ. ಆಲ್ಕೋಹಾಲ್ ತಾಗಿದರೆ ಆ ಹೊದಿಕೆ ಹರಿದು ವೈರಸ್ ಸಾಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಶೇ 80 ಎಥನಾಲ್ ಅಥವಾ ಶೇ 75 ಐಸೊಪ್ರೊಪೈಲ್ ಆಲ್ಕೋಹಾಲ್ ಇರುತ್ತದೆ. ಉಳಿದದ್ದು ಬಹುಪಾಲು ನೀರು. ನೀರಿಲ್ಲದಿದ್ದರೆ ಸ್ಪಿರಿಟ್ ಸರಿಯಾಗಿ ಕೆಲಸ ಮಾಡದು. ಸ್ಯಾನಿಟೈಸರನ್ನು ಅಂಗೈ ತುಂಬ ಹಾಕಿಕೊಂಡು 20ರಿಂದ 30 ಸೆಕೆಂಡು ಉಜ್ಜಬೇಕು.

ವಾಂತಿಭೇದಿ ತರುವ ನೊರೊವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ, ಕಣ್ಣುಬೇನೆಯ ಅಡಿನೊ ವೈರಸ್‌ಗಳಿಗೆ ಆ ಹೊದಿಕೆಯೇ ಇಲ್ಲ. ಇವು ಆಲ್ಕೋಹಾಲ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಐಸೊಪ್ರೊಪೈಲ್ ಅಂತೂ ಇವುಗಳ ಮುಂದೆ ಇನ್ನೂ ದುರ್ಬಲ. ಕೈಗೆ ಮಲ, ವಾಂತಿ, ರಕ್ತ ಮೆತ್ತಿದ್ದರೆ ಯಾವ ಸ್ಯಾನಿಟೈಸರೂ ಪೂರ್ತಿ ಒಳಗಿಳಿಯದು. ಸಾಬೂನು ಹಚ್ಚಿ, ಹರಿಯುವ ನೀರಲ್ಲಿ ತೊಳೆದುಕೊಳ್ಳುವುದೇ ದಾರಿ.

ನಾನಿದ್ದ ಒಂದು ವಾರ್ಡಿನಲ್ಲಿ ಮಂಚಕ್ಕೊಂದು ಬಾಟಲಿ ತೂಗುತ್ತಿತ್ತು, ನಲ್ಲಿ ಮಾತ್ರ ಒಣಗಿತ್ತು. ಭೇದಿಯಾಗಿದ್ದ ಕೂಸಿನ ಬಟ್ಟೆ ಬದಲಿಸಿದ ತಾಯಿ, ಕೈಗೆ ಎರಡು ಹನಿ ಸವರಿಕೊಂಡು ಅದೇ ಕೈಯಿಂದ ಅದಕ್ಕೆ ಗಂಜಿ ಉಣಿಸಿದಳು. ತಪ್ಪು ಆಕೆಯದಲ್ಲ. ಬಾಟಲಿ ಕೊಟ್ಟ ನಾವು ನೀರು ಕೊಟ್ಟಿರಲಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದಿದಂಡೆಯ ಊರುಗಳಿಗೆ ನುಗ್ಗಿದ್ದು ನೆನಪಿರಲಿ. ನೆರೆ ಇಳಿದ ಮೇಲೆ ಕಾಡುವುದು ನೀರಿನಿಂದ ಹರಡುವ ರೋಗಗಳು. ಅವುಗಳಲ್ಲಿ ಹೊದಿಕೆಯಿಲ್ಲದ ವೈರಸ್‌ಗಳ ಪಾಲೂ ಇದೆ.

ಹಾಗಾಗಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿ ಮಳೆಗಾಲಕ್ಕೆ ಮೊದಲೇ ಮೂರು ಕೆಲಸ ಮಾಡಲಿ. ಭೇದಿ ರೋಗಿಗಳಿರುವ ಕಡೆ ನೀರು ಬರುವ ನಲ್ಲಿ ಮತ್ತು ಸಾಬೂನು ಇಡಲಿ. ವಾಂತಿ ಬಿದ್ದ ನೆಲಕ್ಕೆ ಸ್ಪಿರಿಟ್ ಸಿಂಪಡಿಸದೆ, ಮೊದಲು ಒರೆಸಿ ತೆಗೆದು, ಆಮೇಲೆ ಬ್ಲೀಚಿಂಗ್ ಪುಡಿಯ ನೀರು ಬಳಸಲಿ. ಶೇ 35 ಕ್ಲೋರಿನ್ ಇರುವ ಪುಡಿಯಾದರೆ ಲೀಟರಿಗೆ 14 ಗ್ರಾಂ. ಯಾವುದಕ್ಕೆ ಸ್ಯಾನಿಟೈಸರ್, ಯಾವುದಕ್ಕೆ ಸಾಬೂನು ಎಂದು ಆಯಾಗಳಿಗೂ, ರೋಗಿಯ ಜೊತೆ ಬಂದವರಿಗೂ ಕನ್ನಡದಲ್ಲಿ, ಗಡಿಯ ಊರುಗಳಲ್ಲಿ ಮರಾಠಿಯಲ್ಲೂ ತಿಳಿಹೇಳಲಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಸ್ಯಾನಿಟೈಸರ್‌ಗೆ ಇಂಡೆಂಟ್ ಬರೆಯುವ ದಿನವೇ ನಲ್ಲಿ ತಿರುಗಿಸಿ ನೋಡಿದರೆ ಅರ್ಧ ಕೆಲಸ ಆದಂತೆ.