‘ಆಗುವುದಿಲ್ಲ’ ಎಂದ ಮೇಲಿನ ಮಾತುಕತೆ

ಕೊಡಗು ಇನ್ನೂ ಪ್ರತ್ಯೇಕ ಪ್ರಾಂತ್ಯವಾಗಿದ್ದ ಕಾಲ. ಮಡಿಕೇರಿಯಲ್ಲಿದ್ದ ಒಂದು ಮನೆಯನ್ನು ಕೊಳ್ಳಲು ಒಬ್ಬರು ಮುಂದೆ ಬಂದರು. ಅವರು ಕೊಡುತ್ತೇನೆಂದ ಬೆಲೆ 6,000 ರೂಪಾಯಿ. ಮಾಲೀಕರಿಂದ ಬಂದ ಉತ್ತರ ಚಿಕ್ಕದು: ಹತ್ತು ಸಾವಿರಕ್ಕಿಂತ ಕಡಿಮೆಗೆ ಒಪ್ಪಲಾಗದು. ಕೊಳ್ಳುವವರು ಹತ್ತು ಸಾವಿರಕ್ಕೇ ಒಪ್ಪಿದರು. ವ್ಯಾಪಾರ ಕುದುರಿತು, ಮನೆ ತಮ್ಮದಾಯಿತು ಎಂದು ಅವರ ಎಣಿಕೆ. ಆದರೆ ಮನೆ ಅವರ ಕೈಗೆ ಬರಲಿಲ್ಲ. ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 1951ರಲ್ಲಿ ತೀರ್ಪು ಹೊರಬಿತ್ತು. ಹತ್ತು ಸಾವಿರಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ ಎಂದರೆ ಹತ್ತು ಸಾವಿರಕ್ಕೆ ಕೊಟ್ಟೆ ಎಂದು ಅರ್ಥವಲ್ಲ. ಅದು ಬೆಲೆ ಹೇಳಿ ನೋಡಿ ಎಂಬ ಆಹ್ವಾನ ಮಾತ್ರ. ಆದ್ದರಿಂದ ಇಬ್ಬರ ನಡುವೆ ಕರಾರೇ ಏರ್ಪಟ್ಟಿಲ್ಲ ಎಂದಿತು ನ್ಯಾಯಾಲಯ.

‘ಮ್ಯಾಕ್‌ಫರ್ಸನ್ ವಿರುದ್ಧ ಅಪ್ಪಣ್ಣ’ ಎಂಬ ಈ ಮೊಕದ್ದಮೆ ಕಾನೂನು ವಿದ್ಯಾರ್ಥಿಗಳಿಗೆ, ಬಿ.ಕಾಂ. ಓದುವವರಿಗೆ ಪಠ್ಯದಲ್ಲಿ ಎದುರಾಗುತ್ತದೆ. ಪರೀಕ್ಷೆಗೆ ಐದು ಅಂಕದ ಪ್ರಶ್ನೆಯಾಗಿ ಅದನ್ನು ಉರು ಹೊಡೆದು ಮರೆಯುವವರೇ ಹೆಚ್ಚು. ಆದರೆ ಅದೇ ವಿದ್ಯಾರ್ಥಿಯ ಮನೆಯಲ್ಲಿ ತಂದೆತಾಯಿ ಮನೆ ಕೊಳ್ಳಲು ಹೊರಟು, ಮೊದಲ ಬೆಲೆಗೆ ‘ಆಗುವುದಿಲ್ಲ’ ಎಂದು ಹೇಳಿಸಿಕೊಂಡು ಬಂದ ಸಂಜೆ, ಆ ಪಾಠ ಪುಸ್ತಕದಿಂದ ಹೊರಬಂದು ಊಟದ ಮನೆಯಲ್ಲಿ ಕುಳಿತಿರುತ್ತದೆ.

ಯಾರದೂ ಅಲ್ಲದ ಬೆಲೆ

ಇಂಥದೇ ಇನ್ನೊಂದು ಹಳೆಯ ಪ್ರಕರಣ ಇಂಗ್ಲೆಂಡಿನದು. 1840ರ ಜೂನ್ 6ರಂದು ರೆಂಚ್ ಎಂಬಾತ ತನ್ನ ಜಮೀನನ್ನು 1,000 ಪೌಂಡಿಗೆ ಕೊಡುವುದಾಗಿ ಹೈಡ್ ಎಂಬಾತನಿಗೆ ತಿಳಿಸಿದ. ಹೈಡ್ 950 ಪೌಂಡ್ ಕೊಡುತ್ತೇನೆಂದ. ಜೂನ್ 27ರಂದು ರೆಂಚ್ ಅದನ್ನು ನಿರಾಕರಿಸಿದ. ಎರಡು ದಿನ ಬಿಟ್ಟು ಹೈಡ್, ‘ಸರಿ, ಸಾವಿರವೇ ಇರಲಿ’ ಎಂದ. ರೆಂಚ್ ಒಪ್ಪಲಿಲ್ಲ. ನ್ಯಾಯಾಲಯ ರೆಂಚ್‌ನ ಪರ ನಿಂತಿತು. 950 ಎಂದ ಕ್ಷಣದಲ್ಲೇ ಸಾವಿರದ ಪ್ರಸ್ತಾಪ ಸತ್ತಿತು. ಸತ್ತದ್ದನ್ನು ಒಪ್ಪಿಕೊಳ್ಳಲು ಬರುವುದಿಲ್ಲ ಎಂಬುದು ಆ ತೀರ್ಪಿನ ಸಾರ. ನಮ್ಮ 1872ರ ಕರಾರು ಕಾಯಿದೆಯೂ ಒಪ್ಪಿಗೆ ಎಂಬುದು ಪೂರ್ಣವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು ಎಂದೇ ಹೇಳುತ್ತದೆ.

ಎರಡೂ ಪ್ರಕರಣಗಳಿಂದ ಮನೆ ಕೊಳ್ಳುವವರು ತಿಳಿಯಬೇಕಾದದ್ದು ಒಂದೇ. ನಿರಾಕರಣೆಗೂ ಸಹಿಗೂ ನಡುವೆ ಓಡಾಡುವ ಅಂಕಿಗಳು ಯಾರಿಗೂ ಸೇರಿದವಲ್ಲ. ಮಾರುವವರು ನಿನ್ನೆ ಹೇಳಿದ ಬೆಲೆ ಇಂದೂ ಇರಬೇಕೆಂಬ ನಿಯಮವಿಲ್ಲ. ಅದೇ ರೀತಿ, ಅವರು ಹೇಳಿದ ಕನಿಷ್ಠ ಬೆಲೆಗೆ ಕೊಳ್ಳುವವರು ಏರಲೇಬೇಕೆಂಬ ಕಟ್ಟುಪಾಡೂ ಇಲ್ಲ. ಬಹಳ ಸಂಸಾರಗಳು ಎಡವುವುದು ಈ ಎರಡನೆಯದರಲ್ಲಿ. ‘ಐವತ್ತಕ್ಕಿಂತ ಕಡಿಮೆ ಇಲ್ಲ’ ಎಂದು ಎದುರಿನವರು ಹೇಳಿದ ಕೂಡಲೆ, ಆ ಐವತ್ತನ್ನೇ ನಿಜವಾದ ಬೆಲೆಯೆಂದು ನಂಬಿ ಮನೆಯವರೆಲ್ಲ ಅದಕ್ಕೆ ಹಣ ಹೊಂದಿಸಲು ತೊಡಗುತ್ತಾರೆ. ಎಲ್ಲಿಂದ ಹೊಂದಿಸುವುದು? ಮಗಳ ಕಾಲೇಜಿಗೆಂದು ಇಟ್ಟ ಠೇವಣಿಯ ಕಡೆಗೆ ಕಣ್ಣು ಹೋಗುವುದು ಆಗಲೇ.

ನಾಲ್ಕು ಲಕ್ಷದ ನಿಜವಾದ ತೂಕ

ಒಂದು ಲೆಕ್ಕ ನೋಡೋಣ. ಪಟ್ಟಣದ ಒಂದು ಹಳೆಯ ಮನೆಗೆ ಮಾರುವವರು 54 ಲಕ್ಷ ಕೇಳಿದ್ದಾರೆ. ಕೊಳ್ಳುವವರು 46 ಲಕ್ಷ ಎಂದಿದ್ದಾರೆ. ಆಗುವುದಿಲ್ಲ, 50ಕ್ಕಿಂತ ಕೆಳಗೆ ಮಾತೇ ಬೇಡ ಎಂಬ ಉತ್ತರ ಬಂದಿದೆ. ಇನ್ನು ನಾಲ್ಕು ಲಕ್ಷ ತಾನೇ ಎಂದು ದಲ್ಲಾಳಿ ಸಮಾಧಾನ ಹೇಳುತ್ತಾನೆ. ಇನ್ನು ನಾಲ್ಕೇ ಲಕ್ಷವೇ?

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ. 80ನ್ನು ಮೀರುವಂತಿಲ್ಲ. ಉಳಿದ ಶೇ. 20 ಕೈಯಿಂದ ಹೋಗಬೇಕು. ಕರ್ನಾಟಕದ ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿ ಶೇ. 7.6 ಆಗುತ್ತದೆ. ಸರ್ಕಾರದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಅದರ ಮೇಲೆ, ಇಲ್ಲದಿದ್ದರೆ ಕ್ರಯದ ಮೊತ್ತದ ಮೇಲೆ ಈ ಶುಲ್ಕ. ಇದೂ ಕೈಯಿಂದಲೇ ಕಟ್ಟಬೇಕಾದದ್ದು.

ಬೆಲೆ 46ರಿಂದ 50 ಲಕ್ಷಕ್ಕೆ ಏರಿದರೆ ಕೈಯಿಂದ ಹೋಗುವ ಪಾಲು 80,000 ಹೆಚ್ಚುತ್ತದೆ. ಶುಲ್ಕ 30,400 ಹೆಚ್ಚುತ್ತದೆ. ಸಾಲ 3,20,000 ಹೆಚ್ಚುತ್ತದೆ. ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ. ಹಾಗಾಗಿ ಹೆಚ್ಚುವರಿ ಸಾಲದ ಕಂತು ತಿಂಗಳಿಗೆ 2,777. 240 ತಿಂಗಳಿಗೆ ಸುಮಾರು 6,66,000. ಮೂರನ್ನೂ ಕೂಡಿದರೆ 7,76,000 ದಾಟುತ್ತದೆ. ‘ಇನ್ನು ನಾಲ್ಕೇ ಲಕ್ಷ’ ಎಂಬ ಮಾತಿನ ತೂಕ ಇಷ್ಟು! ಪಿ.ಯು. ವಾಣಿಜ್ಯ ಅಥವಾ ಗಣಿತ ಓದುವ ಮಗನೋ ಮಗಳೋ ಮನೆಯಲ್ಲಿದ್ದರೆ ಈ ಲೆಕ್ಕವನ್ನು ಅವರಿಗೇ ಒಪ್ಪಿಸಬಹುದು. ಚಕ್ರಬಡ್ಡಿಯ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಸಿಗದು.

ಎಲ್ಲೆ ಎಲ್ಲಿದೆ?

ಈ ಸಂಸಾರದ ಉಳಿತಾಯ 19 ಲಕ್ಷ ಎಂದುಕೊಳ್ಳೋಣ. ಅದರಲ್ಲಿ 6 ಲಕ್ಷ ಮಗಳ ಓದಿಗೆ. ಉಳಿದದ್ದು 13 ಲಕ್ಷ. ಕೈಯಿಂದ ಹೋಗಬೇಕಾದದ್ದು ಬೆಲೆಯ ಶೇ. 20 ಮತ್ತು ಶೇ. 7.6, ಅಂದರೆ ಒಟ್ಟು ಶೇ. 27.6. ಹದಿಮೂರು ಲಕ್ಷ ಸಾಲುವುದು ಎಷ್ಟು ಬೆಲೆಯ ಮನೆಗೆ? 47 ಲಕ್ಷಕ್ಕೆ. ಅದರಾಚೆ ಒಂದು ಹೆಜ್ಜೆ ಇಟ್ಟರೂ ಕಾಲು ಮಗಳ ಹಣದ ಮೇಲೆ ಬೀಳುತ್ತದೆ. 50 ಲಕ್ಷಕ್ಕೆ ಒಪ್ಪಿದರೆ ಬೇಕಾಗುವುದು 13,80,000. ಕೊರತೆ ಎಂಬತ್ತು ಸಾವಿರವೇ ಆದ್ದರಿಂದ ಮನಸ್ಸು ಜಾರುತ್ತದೆ. ಆದರೆ ಸುಣ್ಣಬಣ್ಣ, ಸೋರುವ ಸೂರಿನ ರಿಪೇರಿ, ಸಾಮಾನು ಸಾಗಣೆ ಯಾವುದೂ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಒಮ್ಮೆ ಕೈಹಾಕಿದ ಗಂಟು ಅಲ್ಲಿಗೇ ನಿಲ್ಲುವುದೂ ಇಲ್ಲ.

ಗಮನಿಸಬೇಕಾದ ಅಂಶವೆಂದರೆ, ಈ 47 ಎಂಬ ಅಂಕಿ ಮಾರುವವರ ಬಾಯಿಂದ ಬಂದದ್ದಲ್ಲ. ದಲ್ಲಾಳಿ ಹೇಳಿದ್ದೂ ಅಲ್ಲ. ಅದು ಸಂಸಾರದ ಸ್ವಂತ ಲೆಕ್ಕದಿಂದ ಹುಟ್ಟಿದ್ದು. ಎರಡನೆಯ ಸಲ ಮಾತಿಗೆ ಹೋಗುವ ಮೊದಲೇ ಇದನ್ನು ಒಂದು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು. ಎದುರಿಗೆ ಕಾಫಿ ಬಂದು, ಮಾತು ಬಿಸಿಯಾದ ಮೇಲೆ ಮಾಡುವ ಲೆಕ್ಕ ಯಾವಾಗಲೂ ಸಡಿಲವೇ.

ನಿರಾಕರಣೆಯ ಒಳಗೇನಿದೆ?

ಮೊದಲ ಬೆಲೆ ತಿರಸ್ಕೃತವಾದ ಮರುದಿನವೇ ಬೆಲೆ ಏರಿಸಿಕೊಂಡು ಓಡುವುದು ಸಲ್ಲದು. ಹಾಗೆ ಓಡಿದರೆ ಮೊದಲು ಹೇಳಿದ ಬೆಲೆ ಬರೀ ಬಾಯಿಮಾತೆಂದು ತಾವೇ ಸಾರಿದಂತೆ. ನಾಲ್ಕು ದಿನ ಸುಮ್ಮನಿದ್ದು, ಆ ‘ಆಗುವುದಿಲ್ಲ’ ಯಾವುದಕ್ಕೆ ಎಂದು ತಿಳಿಯಬೇಕು. ಎಷ್ಟೋ ಸಲ ಅದು ಬೆಲೆಗೆ ಹೇಳಿದ್ದೇ ಆಗಿರುವುದಿಲ್ಲ.

ಮಾರುವವರ ಮಗ ಎಸ್ಸೆಸ್ಸೆಲ್ಸಿಯಲ್ಲಿರಬಹುದು. ಪರೀಕ್ಷೆ ಮುಗಿಯುವ ತನಕ ಮನೆ ಬಿಡಲು ಅವರಿಗೆ ಆಗದು. ಬೇರೆ ಕಡೆ ಸೈಟಿಗೆ ಮುಂಗಡ ಕೊಡಬೇಕಾಗಿ ತುರ್ತಾಗಿ ಒಂದಿಷ್ಟು ಹಣ ಬೇಕಿರಬಹುದು. ಮನೆ ಪಿತ್ರಾರ್ಜಿತವಾಗಿದ್ದು, ಒಡಹುಟ್ಟಿದ ಅಕ್ಕತಂಗಿಯರು ಇನ್ನೂ ಒಪ್ಪಿರಲಿಕ್ಕಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲನ್ನು ಕರ್ನಾಟಕ 1994ರಲ್ಲೇ, ಕೇಂದ್ರ 2005ರಲ್ಲಿ ಕಾನೂನಿನ ಮೂಲಕ ಕೊಟ್ಟಿವೆ. ಅವರ ಸಹಿ ಇಲ್ಲದ ಕ್ರಯಪತ್ರ ಮುಂದೆ ಕೋರ್ಟಿನ ಮೆಟ್ಟಿಲು ಹತ್ತಿಸೀತು.

ಇದನ್ನೆಲ್ಲ ತಿಳಿಯಲು ದಲ್ಲಾಳಿಯೊಬ್ಬನನ್ನೇ ನಂಬಿ ಕೂರಬಾರದು. ಅವನ ಕಮಿಷನ್ನು ಸಾಮಾನ್ಯವಾಗಿ ಬೆಲೆಯ ಇಂತಿಷ್ಟು ಶೇಕಡಾ ಎಂದಿರುತ್ತದೆ. ಬೆಲೆ ಇಳಿಸುವುದರಲ್ಲಿ ಅವನಿಗೆ ಲಾಭವಿಲ್ಲ. ಅವನನ್ನು ಜೊತೆಯಲ್ಲಿಟ್ಟುಕೊಂಡೇ ಮನೆಯವರೊಡನೆ ನೇರವಾಗಿ ಕುಳಿತು ಮಾತನಾಡುವುದು ಲೇಸು. ‘ಯಜಮಾನ್ರೇ, ಬೆಲೆ ಹಾಗಿರಲಿ, ಮನೆ ಬಿಡೋದಕ್ಕೆ ನಿಮಗೆ ಎಷ್ಟು ದಿನ ಬೇಕಾಗುತ್ತೆ?’ ಎಂಬ ಒಂದು ಪ್ರಶ್ನೆಗೆ ಬರುವ ಉತ್ತರ, ಹತ್ತು ಸಲದ ಚೌಕಾಶಿಯಲ್ಲಿ ಸಿಗದ ಸುಳಿವನ್ನು ಕೊಡಬಲ್ಲದು.

ಬೆಲೆಯೊಂದೇ ಅಲ್ಲ

ಸುಳಿವು ಸಿಕ್ಕಮೇಲೆ ಕೊಡಲು ಹಲವು ಸಂಗತಿಗಳಿವೆ. ಪರೀಕ್ಷೆ ಮುಗಿಯುವವರೆಗೆ ಬಾಡಿಗೆಯಿಲ್ಲದೆ ಇರಲು ಬಿಡಬಹುದು. ಬ್ಯಾಂಕಿನ ಸಾಲ ಮಂಜೂರಾತಿ ಪತ್ರವನ್ನು ಮೊದಲೇ ಪಡೆದು ತೋರಿಸಿ, ಇಷ್ಟು ವಾರದೊಳಗೆ ನೋಂದಣಿ ಎಂದು ಹೇಳಬಹುದು. ತುರ್ತಿರುವವರಿಗೆ, ಎಂದೋ ಬರಬಹುದಾದ ಐವತ್ತಕ್ಕಿಂತ ಮುಂದಿನ ತಿಂಗಳು ಖಾತೆಗೆ ಬೀಳುವ ನಲವತ್ತೇಳು ಹೆಚ್ಚೆನಿಸಬಹುದು.

ಬೆಲೆ ಏರಿಸುವಾಗಲೂ ಕಾರಣ ಹೇಳಿ ಏರಿಸಬೇಕು. ಅದೇ ಬೀದಿಯಲ್ಲಿ ಇತ್ತೀಚೆಗೆ ನೋಂದಣಿಯಾದ ಮನೆಗಳ ಬೆಲೆ, ಮಾರ್ಗಸೂಚಿ ಬೆಲೆ, ರಿಪೇರಿಗೆ ಮೇಸ್ತ್ರಿ ಬರೆದುಕೊಟ್ಟ ಅಂದಾಜುಪಟ್ಟಿ ಇವೆಲ್ಲ ಮಾತಿಗೆ ಆಧಾರ ಕೊಡುತ್ತವೆ. ಏರಿಕೆಯ ಹೆಜ್ಜೆಯೂ ಕಿರಿದಾಗುತ್ತ ಹೋಗಬೇಕು. 46 ಆದ ಮೇಲೆ ನಲವತ್ತಾರು ಮುಕ್ಕಾಲು, ಕೊನೆಗೆ 47. ಪಾತ್ರೆಯ ತಳ ಹತ್ತಿರವಾಗುತ್ತಿದೆ ಎಂಬುದು ಎದುರಿನವರಿಗೆ ಹೇಳದೆಯೇ ಅರ್ಥವಾಗುತ್ತದೆ.

ಒಂದು ರಾಜಿಗೆ ಮಾತ್ರ ತಲೆಯಾಡಿಸಬಾರದು. ‘ಪತ್ರದಲ್ಲಿ ಕಡಿಮೆ ತೋರಿಸಿ, ಉಳಿದದ್ದು ನಗದಾಗಿ ಕೊಡಿ’ ಎಂಬ ಸಲಹೆ ಇಂಥ ಹೊತ್ತಿನಲ್ಲೇ ಬರುತ್ತದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ 2015ರ ಜೂನ್ 1ರಿಂದ ನಿಷೇಧವಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಟ್ಟವರಿಗೆ ಅದಕ್ಕೆ ಬ್ಯಾಂಕಿನ ಸಾಲವೂ ಇಲ್ಲ, ಕೊಟ್ಟದ್ದಕ್ಕೆ ಸಾಕ್ಷಿಯೂ ಇಲ್ಲ.

ಒಪ್ಪಿದ ಮೇಲೆ

‘ಆಯಿತು’ ಎಂಬ ಮಾತು ಬಂದ ದಿನವೇ ಮಡಿಕೇರಿಯ ಮನೆಯನ್ನು ನೆನೆಯಬೇಕು. ಬಾಯಿಮಾತಿಗೆ, ವೀಳ್ಯದೆಲೆಯ ಮೇಲಿಟ್ಟ ನೂರೊಂದು ರೂಪಾಯಿಗೆ ನಿಶ್ಚಿಂತರಾಗುವಂತಿಲ್ಲ. ಋಣಭಾರ ಪ್ರಮಾಣ ಪತ್ರ, ಇ-ಖಾತಾ, ಮೂಲ ಪತ್ರಗಳನ್ನು ವಕೀಲರಿಗೆ ತೋರಿಸಿ, ಕ್ರಯದ ಕರಾರನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಬೇಕು. ಬೆಲೆ, ಮುಂಗಡ, ನೋಂದಣಿಯ ಗಡುವು, ಮನೆ ಬಿಡುವ ದಿನ, ಸಾಲ ಸಿಗದಿದ್ದರೆ ಮುಂಗಡದ ಗತಿ ಎಲ್ಲವೂ ಅದರಲ್ಲಿರಬೇಕು. ಹಾಗಿದ್ದೂ ಕರಾರಿನಿಂದಲೇ ಮನೆ ಸ್ವಂತವಾಗದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಮನೆ, ಜಮೀನು ಯಾವುದೇ ಇರಲಿ, ಒಡೆತನ ಕೈಬದಲಾಗುವುದು ನೋಂದಾಯಿತ ಕ್ರಯಪತ್ರದಿಂದ ಮಾತ್ರ.

ಇನ್ನು, 47ಕ್ಕೆ ಅವರು ಒಪ್ಪದಿದ್ದರೆ? ಆಗ ಕೈಮುಗಿದು, ‘ಮುಂದೆ ಮನಸ್ಸು ಬದಲಾದರೆ ಹೇಳಿಕಳಿಸಿ’ ಎಂದು ಎದ್ದು ಬರುವುದು ಸೋಲಲ್ಲ. ಆರು ತಿಂಗಳು ಗಿರಾಕಿ ಸಿಗದೆ ಅವರೇ ಕರೆಯಬಹುದು, ಕರೆಯದೆಯೂ ಇರಬಹುದು. ಮನೆಗಳು ಇನ್ನೂ ಬರುತ್ತವೆ. ಮಗಳು ಕಾಲೇಜಿಗೆ ಸೇರುವ ವರ್ಷ ಮಾತ್ರ ಒಂದೇ ಸಲ ಬರುವುದು. ಕೈತಪ್ಪಿದ ಮನೆಯ ಬಗ್ಗೆ ನಾಲ್ಕು ದಿನ ಮನೆಯಲ್ಲಿ ಮಾತು ನಡೆಯುತ್ತದೆ. ಆದರೆ ಚೀಟಿಯಲ್ಲಿ ಬರೆದಿಟ್ಟ ಅಂಕಿಗೆ ಅಪ್ಪ ಅಮ್ಮ ಬದ್ಧರಾಗಿ ನಿಂತದ್ದನ್ನು ಪಕ್ಕದಲ್ಲಿ ಕುಳಿತು ನೋಡಿದ ಮಕ್ಕಳು ಅದನ್ನು ಬೇಗ ಮರೆಯುವುದಿಲ್ಲ.